ಎಬಿಸಿ ಫೈಲಿನ್ಯಾಗ 640 ಪದ, ಪ್ರಿಂಟ್ ತಗದ್ರ ಪಲ್ಲ ಅಷ್ಟ ಬರತೈತಿ

ಜಮಖಂಡಿ_ತುಂತುಣಿ:
ಎರಡು ದಿನದಿಂದ ತಲಿ ಕೆಟ್ಟೈತ್ರಿ. ಗೀಗೀಪದ, ಬೀಸುಕಲ್ಲಿನ ಪದ, ಡೊಳ್ಳಿನ ಪದ ಎಲ್ಲಾ ಕೂಡಿ ಒಂದ ಎಬಿಸಿ (ಸ್ವರಾನ ಇಂಗ್ಲಿಷ್ ಅಕ್ಷರದಾಗ ಬರಿಯೂ ಪದ್ಧತಿ) ಫೈಲಿನ್ಯಾಗ ಅದಾವು. ಅದನ್ನ ಪ್ರಿಂಟಿಗೆ ತಯಾರ ಮಾಡೂ ಎಬಿಸಿಎಂ2ಪಿಎಸ್ ಪ್ರೋಗ್ರಾಮಿಗೆ ಕೊಟ್ರ ಎಷ್ಟೋ ಪದ ಪಲ್ಲಕ್ಕ ನಿಂತಬಿಡತಾವು. ನುಡಿ ಇಲ್ಲ, ಚಾಲ ಇಲ್ಲ. ತಪ್ಪು ಅಂತನೂ ತೋರಸೂದಿಲ್ಲ.

ಮುಧೋಳ_ಹಲಗಿ:
ಪ್ರತಿ ಪದದ ಸುರುವಿಗೆ ಇರೂ ಎಕ್ಸ್: ನಂಬರ್ ಡಬಲ್ ಆಗಿರತಾವು. ಎರಡು ಫೈಲ್ ಕೂಡಿಸಿದ್ರ ಹಿಂಗ ಆಗೂದು. 1ರಿಂದ ಹೊಸದಾಗಿ ಹಾಕ್ರಿ.

ಜಮಖಂಡಿ_ತುಂತುಣಿ:
ಹಾಕಿದೆ ರೀ. ಹಂಗ ಐತಿ.

ಮುಧೋಳ_ಹಲಗಿ:
ಎಲ್ಲಾಕ್ಕೂ ಹಾಕೀರೋ ಇಲ್ಲೋ? ಒಂದು ಉಳಿದ್ರೂ ಕೆಡತೈತಿ.

ಗೋಕಾಕ_ಪೇಟಿ:
ಅಣ್ಣಾರ, ಡಬಲ್ ನಂಬರಿಗೆ ಪ್ರಿಂಟ್ ಅರ್ಧಕ್ಕ ನಿಲ್ಲೂದಿಲ್ಲ. ಅದು ಕಾಡೂದು ಕೇಳಾಕ ಮಿಡಿ ಫೈಲ್ ಮಾಡಿಕೊಡೂ ಎಬಿಸಿ2ಮಿಡಿಯೊಳಗ. ಫೈಲಿನ ಹೆಸರಿಗೆ ಅದ ನಂಬರ್ ಹತ್ತತೈತಿ, ಹಳೇದರ ಮ್ಯಾಲ ಹೊಸಾದು ಬಂದು ಕೂಡತೈತಿ. ತುಂತುಣಿಯವರ, ನಿಂತ ಪದ ಒಂದು ಇದ್ದಂಗ ಹಾಕ್ರಿ.

ಅಥಣಿ_ಚೌಡಿಕಿ:
640 ಪದ ಒಂದ ಫೈಲಿನ್ಯಾಗ ಇಟ್ಟದ್ದ ತಪ್ಪು. ನಾನು ಪದಕ್ಕೊಂದು ಫೈಲ್ ಮಾಡಿ ಗಿಟ್‌ನ್ಯಾಗ ಇಟ್ಟೀನಿ, 1,100 ಅದಾವು. ಯಾವ ಸ್ವರ ಯಾವಾಗ ತಿದ್ದಿದ್ದು ಎಲ್ಲಾ ಸಿಗತೈತಿ.

ಮುಧೋಳ_ಹಲಗಿ:
ಒಂದ ಫೈಲ್ ಇದ್ರ ಹುಡುಕಿ ತಿದ್ದಾಕ ಹಗೂರ. 1,100 ಫೈಲ್ ಯಾರು ತಗದು ನೋಡತಾರ?

ಜಮಖಂಡಿ_ತುಂತುಣಿ:
ಹೇಳೂದು ಬಿಟ್ಟಿದ್ದೆ. ಗೀಗೀಪದ ಇನ್ನೊಬ್ರು ಟೈಪ್ ಮಾಡಿ ಕೊಟ್ಟದ್ದು. ಓದಾಕ ಚಂದ ಕಾಣಲಿ ಅಂತ ಪಲ್ಲದ ಕೆಳಗ ಒಂದು ಸಾಲು ಖಾಲಿ ಬಿಟ್ಟಾರ.

ಗೋಕಾಕ_ಪೇಟಿ:
ಅದ ರೋಗ. ಎಬಿಸಿಯೊಳಗ ಖಾಲಿ ಸಾಲು ಬಂತಂದ್ರ ಪದ ಮುಗೀತು. ಮುಂದಿನ ಎಕ್ಸ್: ಬರೂತನಕ ಇರೂದನ್ನ ಬರೇ ಮಾತು ಅಂತ ತಿಳದು ದಾಟಿ ಹೋಗತೈತಿ, ಅದಕ್ಕ ತಪ್ಪು ತೋರಸೂದಿಲ್ಲ. ಮೊದಲಿಗೆ ಫೈಲಿನ ಒಂದು ನಕಲು ಇಟ್ಟಕೋರಿ. ಬರೇ ಸ್ಪೇಸ್ ಇದ್ದ ಸಾಲೂ ಖಾಲಿ ಲೆಕ್ಕ, ಆ ಸ್ಪೇಸ್ ಎಲ್ಲಾ ಅಳಸ್ರಿ. ಆಮ್ಯಾಲ ಯಾವ ಖಾಲಿ ಸಾಲಿನ ಕೆಳಗ ಎಕ್ಸ್: ಇಲ್ಲೋ ಅಲ್ಲಿ ಒಂದು % ಇಡ್ರಿ. % ಇದ್ದ ಸಾಲಿಗೆ ಪದ ಮುರಿಯೂದಿಲ್ಲ, ಕಣ್ಣಿಗೆ ಜಾಗಾನೂ ಉಳೀತೈತಿ.

ಜಮಖಂಡಿ_ತುಂತುಣಿ:
ಬಂದ್ವು ರೀ, ನುಡಿ ಚಾಲ ಎಲ್ಲಾ ಬಂದ್ವು! ಆದ್ರ ಮೂರು ಪದ ಹಿಂದಿನ ಪದಕ್ಕ ಅಂಟಕೊಂಡಾವು.

ಗೋಕಾಕ_ಪೇಟಿ:
ಆ ಮೂರಕ್ಕ ಎಕ್ಸ್: ಹಾಕೂದು ಬಿಟ್ಟಾರ. ಪದದ ಹೆಸರು ಬರಿಯೂ ಟಿ: ಸಾಲು ಪದದ ನಡುವ ಬಂದ್ರ ಉಪಶೀರ್ಷಿಕೆ ಆಗತೈತಿ. % ಕೆಳಗ ಟಿ: ಇರೂ ಜಾಗ ಹುಡುಕ್ರಿ, % ತಗದು ಸಾಲು ಖಾಲಿ ಬಿಡ್ರಿ, ಟಿ: ಮ್ಯಾಲ ಎಕ್ಸ್: ಕೊಡ್ರಿ.

ಮುಧೋಳ_ಹಲಗಿ:
ಮೂರು ಹೊಸಾವು ಬಂದ್ವಲ್ಲ, ಮಿಡಿ ತಗಿಯೂಕಿಂತ ಮುಂಚೆ ನಂಬರ್ ಮತ್ತ 1ರಿಂದ ಹಾಕ್ರಿ.