‘ಒಂದೇ ಇಂಜೆಕ್ಷನ್’ ಫಾರ್ವರ್ಡ್ ಮತ್ತು ನಮ್ಮ ತೀರ್ಥಹಳ್ಳಿ ಗ್ರೂಪು

ಸತೀಶ ಭಾವ: (ಫಾರ್ವರ್ಡ್) ಸ್ತನ ಕ್ಯಾನ್ಸರ್ ಎಲ್ಲೇ ಹರಡಿರಲಿ, ನ್ಯಾನೋ ಕಣದಲ್ಲಿ ಜೀನ್ ಕಳಿಸಿ ಒಂದೇ ಇಂಜೆಕ್ಷನ್‌ಗೆ ಗುಣ!!

ಸುಮಾ: ಭಾವ, ಮೂಲ ಎಲ್ಲಿದೆ? ಇಲಿಗೆ ಕೊಟ್ಟಿದ್ದೋ, ಮನುಷ್ಯರಿಗೋ?

ಸತೀಶ ಭಾವ: ಹನುಮಫಲ ತಿಂದ್ರೆ ಕ್ಯಾನ್ಸರ್ ಗುಣ ಅನ್ನೋ ಫಾರ್ವರ್ಡ್ ಹಾಕಿದಾಗ್ಲೂ ಇದೇ ರಾಗ. ಅಮ್ಮನ ಪಾಲು ಕೇಳಿದಾಗ ನಿಮ್ಮಪ್ಪನೂ ಹೀಗೇ ಕಾಗದ ಕೇಳಿದ್ರು.

ದೊಡ್ಡಪ್ಪ: ತೋಟದ ಮಾತು ಇಲ್ಲಿ ಬೇಡ. ಸುಮಾ, ದೊಡ್ಡವರ ಹತ್ರ ತಗ್ಗಿ ಮಾತಾಡು.

ರವಿ: ತೋಟ ಅಂದಾಗ ನೆನಪಾಯ್ತು. ಕೊಳೆ ಬರ್ದಿರ್ಲಿ ಅಂತ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ತಿದ್ವಲ್ಲ, ಈಗ ಕಟ್ಟೋರೇ ಇಲ್ಲ.

ಸುಮಾ: ಇದೂ ಕೊಟ್ಟೆ ಕಟ್ಟೋ ಕೆಲಸವೇ ರವಿ. ಜೀನಿನ ಸಂದೇಶ ಹೊರೋ ಆರ್‌ಎನ್‌ಎಯನ್ನು ಬರಿದಾಗಿ ರಕ್ತಕ್ಕೆ ಬಿಟ್ರೆ ಕಿಣ್ವಗಳು ಚೂರು ಮಾಡ್ತವೆ. ಅದಕ್ಕೆ ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಹೊದಿಕೆ: ಆಮ್ಲದಲ್ಲಿ ಧನ ಆವೇಶ ಪಡೆಯೋ ಲಿಪಿಡ್, ಫಾಸ್ಫೋಲಿಪಿಡ್, ಕೊಲೆಸ್ಟೆರಾಲ್, ಪೆಗ್ ಲಿಪಿಡ್. ಫೈಜರ್ ಕೋವಿಡ್ ಲಸಿಕೆಯಲ್ಲೂ ಇದೇ ನಾಲ್ಕು. ತೊಂದರೆ ಏನಂದ್ರೆ, ರಕ್ತನಾಳಕ್ಕೆ ಕೊಟ್ಟಾಗ ರಕ್ತದ ಅಪೋ-ಇ ಪ್ರೋಟೀನ್ ಅಂಟ್ಕೊಂಡು ಹೆಚ್ಚಿನದ್ದು ಲಿವರ್‌ಗೇ ಹೋಗುತ್ತೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದ ಆರ್‌ಎನ್‌ಎ ಔಷಧಿ ಪಟಿಸಿರಾನ್‌ಗೆ ಅದೇ ಅನುಕೂಲ ಆಯ್ತು, ಅದರ ಗುರಿಯೇ ಲಿವರ್. ಈ ಕ್ಯಾನ್ಸರ್ ಎಲುಬಿಗೆ, ಶ್ವಾಸಕೋಶಕ್ಕೆ, ಮೆದುಳಿಗೂ ಹರಡುತ್ತೆ. ನ್ಯಾನೋ ಕಣಗಳ ಹತ್ತು ವರ್ಷದ ಪ್ರಯೋಗಗಳನ್ನು ಒಟ್ಟು ನೋಡಿದ 2016ರ ವಿಶ್ಲೇಷಣೆಯಲ್ಲಿ ಗಡ್ಡೆಗೆ ಮುಟ್ಟಿದ್ದು, ಮಧ್ಯಾಂಕ ಲೆಕ್ಕದಲ್ಲಿ, ಕೊಟ್ಟ ಡೋಸಿನ ಶೇ. 0.7. ಮುಟ್ಟಿದ ಮೇಲೂ ಜೀವಕೋಶದ ಎಂಡೋಸೋಮ್ ಚೀಲದಲ್ಲಿ ಬಹುಪಾಲು ಸಿಕ್ಕಿಬಿದ್ದು ಹಾಳಾಗುತ್ತೆ.

ಸತೀಶ ಭಾವ: ಅಂದ್ರೆ ಬರೆದವರೆಲ್ಲ ಸುಳ್ಳುಗಾರರು?

ಸುಮಾ: ಸಂಶೋಧನೆ ನಿಜ ಭಾವ. ‘ಗುಣ’ ಅನ್ನೋದು ಫಾರ್ವರ್ಡ್ ಮಾಡಿದವರು ಸೇರಿಸಿದ್ದು.

ಗೀತಾ ಚಿಕ್ಕಮ್ಮ: ಹಂಗಾದ್ರೆ ಸೋಮವಾರದ ಕೀಮೋ ಮುಂದಕ್ಕೆ ಹಾಕೋದು ಬೇಡ್ವಾ? ಇದು ಬರೋವರೆಗೆ ಕಾಯ್ಬಹುದು ಅಂದ್ಕೊಂಡಿದ್ದೆ.

ಸುಮಾ: ಬೇಡ ಚಿಕ್ಕಮ್ಮ, ಖಂಡಿತ ಬೇಡ. ಹರಡಿದ ಸ್ತನ ಕ್ಯಾನ್ಸರ್‌ಗೆ ಜೀನ್ ಒಯ್ಯೋ ನ್ಯಾನೋ ಔಷಧಿ ಇನ್ನೂ ಚಿಕಿತ್ಸೆಗೆ ಬಂದಿಲ್ಲ. 2005ರಿಂದ ಇರೋ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ನ್ಯಾನೋ ಕಣ ಹೌದು, ಅದರೊಳಗಿರೋದು ಮಾತ್ರ ಕೀಮೋ. ಕೀಮೋಗೆ ಮೊದಲು ರಕ್ತದ ಕೌಂಟ್ ಮಾಡಿಸಿ. ಆಮೇಲೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ನಡುರಾತ್ರಿಯಾದ್ರೂ ಆಸ್ಪತ್ರೆಗೆ ಹೊರಡಿ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗ್ಲಿ ಅಂತ ಕೂರಬೇಡಿ. ಬಿಳಿ ರಕ್ತಕಣ ಇಳಿದಾಗ ಸೋಂಕು ಗಂಟೆಗಳಲ್ಲಿ ಏರುತ್ತೆ.

ದೊಡ್ಡಪ್ಪ: ಗೀತಾ, ಕಾರು ಕಳಿಸ್ತೀನಿ. ಮಂಡಗದ್ದೆ ರಸ್ತೆ ಮಳೇಲಿ ನಿಧಾನ, ಬೇಗ ಹೊರಡಿ.

ಗೀತಾ ಚಿಕ್ಕಮ್ಮ: ಮನೇಲಿ ಥರ್ಮಾಮೀಟರ್ ಕೆಟ್ಟಿದೆ.

ಸತೀಶ ಭಾವ: ನಾಳೆ ನಾನು ತಂದ್ಕೊಡ್ತೀನಿ ಚಿಕ್ಕಮ್ಮ. ಪಾಲಿನ ಮಾತು ಮಾತ್ರ ನಾನು ಬಿಟ್ಟಿಲ್ಲ.