ಕಾಡುಮರದ ಎಲೆ ಅಳತೆ: ಎಷ್ಟು ಮರ, ಎಷ್ಟು ಎಲೆ, ಯಾವ ಎಲೆ?

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಶಿರಸಿ ಕಡೆಯ ಕಾಡಿನಲ್ಲಿ ಎಲೆಯ ವಿಸ್ತೀರ್ಣ ಅಳೆಯಬೇಕು. ಮತ್ತಿ, ಹೊನ್ನೆ, ನಂದಿ, ಹೆಬ್ಬಲಸು, ನೆಲ್ಲಿ, ಸಾಗವಾನಿ ಪಟ್ಟಿಯಲ್ಲಿವೆ. ಜಾತಿಗೆ ನೂರು ಎಲೆ, ಐದು ಮರದಿಂದ ಇಪ್ಪತ್ತಿಪ್ಪತ್ತು ಅಂದುಕೊಂಡಿದ್ದೇನೆ. ಸಾಕಾ? ಎತ್ತರದ ಕೊಂಬೆ ಸಿಗದಿದ್ದರೆ ಕೆಳಗೆ ಬಿದ್ದ ಎಲೆ ನಡೆಯುತ್ತದಾ?

— ನೂರು ಎಲೆ ಸರಿ, ಹಂಚಿದ್ದು ಸರಿಯಿಲ್ಲ. ಒಂದೇ ಮರದ ಎಲೆಗಳು ಒಂದೇ ಮಣ್ಣು, ಒಂದೇ ಬಿಸಿಲು ಉಂಡವು. ಇಪ್ಪತ್ತು ಕಿತ್ತರೂ ಅವು ಹೇಳುವುದು ಆ ಒಂದು ಮರದ ಸುದ್ದಿಯನ್ನೇ. ಮರ-ಮರದ ನಡುವಿನ ವೇರಿಯನ್ಸ್ (ಅಳತೆಗಳು ಎಷ್ಟು ಹರಡಿವೆ ಎಂಬ ಲೆಕ್ಕ; ಸರಾಸರಿಯದು ಕಡಿಮೆಯಾದಷ್ಟೂ ಒಳ್ಳೆಯದು) 100, ಒಂದು ಮರದೊಳಗಿನದು 400 ಎಂದು ಇಟ್ಟುಕೊಳ್ಳಿ. ಐದು ಮರ × 20 ಎಲೆಗೆ ಸರಾಸರಿಯ ವೇರಿಯನ್ಸ್ 100/5 + 400/100 = 24. ಇಪ್ಪತ್ತು ಮರ × 5 ಎಲೆಗೆ 100/20 + 400/100 = 9. ಸ್ಕ್ಯಾನ್ ಮಾಡುವ ಎಲೆ ಅಷ್ಟೇ, ನಡೆಯುವ ದಾರಿ ಮಾತ್ರ ಜಾಸ್ತಿ. ಇಪ್ಪತ್ತು ಮರ ಸಿಗದಿದ್ದರೆ ಹತ್ತಕ್ಕಿಂತ ಕೆಳಗೆ ಇಳಿಯಬೇಡಿ.

— ಬಿದ್ದ ಎಲೆ ಬೇಡ. ಒಣಗಿದಾಗ ಮುದುಡುತ್ತದೆ, ಯಾವ ಮರದ್ದು, ನೆರಳಿನದೋ ಬಿಸಿಲಿನದೋ ಗೊತ್ತಾಗುವುದಿಲ್ಲ. ಎಟುಕುವ ಕೆಳಗಿನ ಕೊಂಬೆಯೂ ಮೋಸವೇ: ನೆರಳಿನ ಎಲೆ ಸಾಮಾನ್ಯವಾಗಿ ಅಗಲ, ತೆಳು. ಮೇಲಿನ ಬಿಸಿಲು ಬೀಳುವ ಕೊಂಬೆಯೇ ಬೇಕು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಾಡಿಗೆಗೆ ಸಿಕ್ಕರೆ ಕೆಲಸ ಸಲೀಸು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ತಂತಿಯ ಹತ್ತಿರ ಎತ್ತಲೇಬೇಡಿ. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿರಲಿ. ಕಾಲ, ಮಳೆ ಮುಗಿದ ಮೇಲೆ: ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಸಾಗವಾನಿ, ಮತ್ತಿಯ ಎಲೆ ಅಷ್ಟೊತ್ತಿಗೆ ಪೂರ್ತಿ ಬಲಿತಿರುತ್ತದೆ.

— ಕೊಂಬೆ ಕೈಗೆ ಬಂದ ಮೇಲೆ ಆಗುವ ತಪ್ಪೇ ದೊಡ್ಡದು. ಕೈ ತಾನಾಗಿ ಚೆಂದದ, ದೊಡ್ಡ ಎಲೆಗೇ ಹೋಗುತ್ತದೆ. ತುದಿಯ ಮೆತ್ತನೆಯ ಚಿಗುರು ಬಿಟ್ಟು ಬಲಿತ ಎಲೆಗಳಿಗೆ 1, 2, 3 ಎಂದು ನಂಬರ್ ಕೊಡಿ, ಮೊಬೈಲಿನಲ್ಲಿ ರ್‍ಯಾಂಡಮ್ ಸಂಖ್ಯೆ ತೆಗೆದು ಬಂದದ್ದನ್ನು ಕೀಳಿ. ಹುಳು ತಿಂದದ್ದೆಲ್ಲ ಬಿಸಾಡಿದರೆ ಎಳೆಯ ಎಲೆಗಳೇ ಹೆಚ್ಚು ಉಳಿಯುತ್ತವೆ. ಅಂಚಿನ ಗೆರೆ ಊಹಿಸಲು ಬಂದರೆ ಇಟ್ಟುಕೊಂಡು ತೂತನ್ನು ಚಿತ್ರ ಅಳೆಯುವ ಸಾಫ್ಟ್‌ವೇರ್ ಆದ ಇಮೇಜ್‌ಜೆಯಲ್ಲಿ ತುಂಬಿ.

— ನಿಮ್ಮ ಪಟ್ಟಿಯಲ್ಲಿ ಎರಡು ಗುಂಡಿಗಳಿವೆ. ಹೊನ್ನೆಯದು ಸಂಯುಕ್ತ ಎಲೆ, ಅಂದರೆ ಒಂದೇ ಎಲೆ ಹಲವು ಕಿರುಎಲೆಗಳಾಗಿ ಒಡೆದದ್ದು. ಆ ಕಿರುಎಲೆಗಳು ಎದುರುಬದುರಾಗಿರದೆ ಒಂದು ಬಿಟ್ಟು ಒಂದು ಇರುವುದರಿಂದ ಬಿಡಿ ಎಲೆಯಂತೆ ಕಾಣುತ್ತವೆ. ಬುಡ ನೋಡಿ: ಕಿರುಎಲೆಯ ಕಂಕುಳಲ್ಲಿ (ತೊಟ್ಟು ಕಡ್ಡಿಗೆ ಸೇರುವ ಮೂಲೆಯಲ್ಲಿ) ಮೊಗ್ಗಿಲ್ಲ, ಇಡೀ ಎಲೆಯ ತೊಟ್ಟಿನ ಕಂಕುಳಲ್ಲಿ ಇದೆ. ನೆಲ್ಲಿ ಇದಕ್ಕೆ ತಿರುಗುಮುರುಗು. ಗರಿಯಂತೆ ಕಾಣುವುದು ಒಂದು ಕಡ್ಡಿ. ಹೂವು ಒಂದೊಂದು ಪುಟ್ಟ ಎಲೆಯ ಕಂಕುಳಲ್ಲೇ ಬಿಡುತ್ತದೆ, ಅಂದರೆ ಆ ಪುಟ್ಟದ್ದೇ ಪೂರ್ತಿ ಎಲೆ. ರೌಂಕಿಯರ್ ವರ್ಗ (ವಿಸ್ತೀರ್ಣದ ಮೇಲೆ ಎಲೆಗಳನ್ನು ವಿಂಗಡಿಸುವ ಪದ್ಧತಿ) ಹಾಕುವುದಾದರೆ ಸಂಯುಕ್ತ ಎಲೆಯಲ್ಲಿ ಕಿರುಎಲೆಯೇ ಲೆಕ್ಕ. ಹೊನ್ನೆಯ ಕಿರುಎಲೆ 50 ಚ.ಸೆಂ.ಮೀ. ಇದ್ದರೆ ಅದು ಮೆಸೊಫಿಲ್ (2,025ರಿಂದ 18,225 ಚ.ಮಿ.ಮೀ.), ಅಂಥ ಆರನ್ನು ಕೂಡಿಸಿದರೆ ಮೇಲಿನ ವರ್ಗವಾದ ಮ್ಯಾಕ್ರೊಫಿಲ್‌ಗೆ ಹಾರುತ್ತದೆ. ಹೆಬ್ಬಲಸಿನ ಸಸಿಯ ಎಲೆ ದೊಡ್ಡದು, ಸೀಳಿದ್ದು. ದೊಡ್ಡ ಮರದ ಲೆಕ್ಕದಲ್ಲಿ ಅದನ್ನು ಬೆರೆಸಬೇಡಿ.

— ಅಳತೆಯ ಬಗ್ಗೆ. ಒದ್ದೆ ಟಿಶ್ಯೂ ಜೊತೆ ಜಿಪ್ ಕವರ್, ನೆರಳು, ಅದೇ ದಿನ ಸ್ಕ್ಯಾನ್. 300 ಡಿಪಿಐ (ಇಂಚಿಗೆ 300 ಚುಕ್ಕಿ) ಧಾರಾಳ. ಒಂದು ಪಿಕ್ಸೆಲ್ ಸುಮಾರು 0.085 ಮಿ.ಮೀ. ಎ4 ಗಾಜಿಗೆ ಹಿಡಿಸದ ಸಾಗವಾನಿ ಎಲೆಯನ್ನು ಕತ್ತರಿಸಿ, ತುಂಡುಗಳ ವಿಸ್ತೀರ್ಣ ಕೂಡಿಸಿ. ಮೊಬೈಲ್ ಫೋಟೊ ಆದರೆ ಎಲೆಯ ಮೇಲೆ ಗಾಜು ಒತ್ತಿ, ಸ್ಕೇಲನ್ನು ಎಲೆಯ ಮಟ್ಟದಲ್ಲೇ ಇಡಿ. ಮೊದಲು 10×10 ಸೆಂ.ಮೀ. ಕಾಗದದ ಚೌಕ ಅಳೆದು ನೋಡಿ. 100 ಚ.ಸೆಂ.ಮೀ. ಬರದಿದ್ದರೆ ಎಲೆಗೆ ಕೈ ಹಾಕಬೇಡಿ.

— ಕಾಡಿನಲ್ಲೇ ಮುಗಿಸಬೇಕೆಂದರೆ ಉದ್ದ × ಅಗಲ × 2/3 ಇದೆ. ಆದರೆ ಆ 2/3 ಎಲ್ಲ ಜಾತಿಗೂ ಹೊಂದುವುದಿಲ್ಲ. ಜಾತಿಗೆ ಮೂವತ್ತು ಎಲೆ ಸ್ಕ್ಯಾನ್ ಮಾಡಿ ನಿಮ್ಮದೇ ಗುಣಕ ಕಂಡುಕೊಳ್ಳಿ. ತೊಟ್ಟು ಸೇರಿಸಿದಿರೋ ಬಿಟ್ಟಿರೋ ಅನ್ನುವುದನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆಯಿರಿ. ನಡುವೆ ಬದಲಾಯಿಸಿದರೆ ಮೊದಲಿಂದ ಸ್ಕ್ಯಾನ್.