ಮಾಂಟ್‌ಗೊಮರಿ ಕೌಂಟಿ ಕೌನ್ಸಿಲ್ ಮುಂದೆ ಬರುವ ಜೋನಿಂಗ್, ವಸತಿ ಮತ್ತು ರಸ್ತೆ ವಿಷಯಗಳು: ನಮ್ಮ ಅಭಿಪ್ರಾಯವನ್ನು ಎಲ್ಲಿ, ಯಾವಾಗ ಹೇಳಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿಯಲ್ಲಿ, ಸಿಲ್ವರ್ ಸ್ಪ್ರಿಂಗ್ ಕಡೆ, ಜಾರ್ಜಿಯಾ ಅವೆನ್ಯೂವಿನಿಂದ ಒಳಗೆ ತಿರುಗುವ ಒಂದು ಸಣ್ಣ ರಸ್ತೆಯಲ್ಲಿ. ಕೌಂಟಿಯ ನಕ್ಷೆಯಲ್ಲಿ ನಮ್ಮ ನಿವೇಶನಕ್ಕೆ ಆರ್-60 ಎಂಬ ಗುರುತಿದೆ. ಕೌನ್ಸಿಲ್ಲಿನ ಕಾರ್ಯಸೂಚಿಯನ್ನು ಈಚೆಗೆ ಓದತೊಡಗಿದ್ದೇನೆ. ಅದರಲ್ಲಿ ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ) ತಿದ್ದುಪಡಿ, ಮಾಸ್ಟರ್ ಪ್ಲಾನ್, ಬಂಡವಾಳ ಯೋಜನೆ ಎಂದು ಸಾಲುಸಾಲು ವಿಷಯಗಳಿದ್ದು, ಯಾವುದು ನಮ್ಮ ಬೀದಿಗೆ ಸಂಬಂಧಿಸಿದ್ದು, ಯಾವುದು ಅಲ್ಲ ಎಂಬುದೇ ತಿಳಿಯುತ್ತಿಲ್ಲ.

ನೆರೆಹೊರೆಯವರಲ್ಲಿ ಕೆಲವರು ಒಂಟಿಮನೆಗಳ ಬಡಾವಣೆ ಎಂಬ ವ್ಯವಸ್ಥೆಯನ್ನೇ ಕೌಂಟಿ ತೆಗೆದುಹಾಕಿದೆ, ಇನ್ನು ಪಕ್ಕದ ಮನೆಯನ್ನು ಕೆಡವಿ ನಾಲ್ಕು ಸಂಸಾರದ ಕಟ್ಟಡ ಕಟ್ಟಬಹುದು ಎನ್ನುತ್ತಾರೆ. ಬೇರೆ ಕೆಲವರು ಅಂಥದ್ದೇನೂ ಆಗಿಲ್ಲ ಎನ್ನುತ್ತಾರೆ. ಇದರಲ್ಲಿ ನಿಜ ಎಷ್ಟು? ಹೊಸ ಮನೆಗಳಿಗೆ ಅನುಮತಿ ಕೊಡುವ ಮೊದಲು ಶಾಲೆ, ರಸ್ತೆ, ಒಳಚರಂಡಿಗಳ ವ್ಯವಸ್ಥೆ ಆಗಬೇಕಲ್ಲವೇ? ಕೌನ್ಸಿಲ್ಲಿನ ಸಾರ್ವಜನಿಕ ಅಹವಾಲು ಸಭೆಗೆ ಹೋಗಿ ಮಾತಾಡಿದರೆ ಪ್ರಯೋಜನ ಉಂಟೇ, ಅಥವಾ ಅಷ್ಟು ಹೊತ್ತಿಗೆ ಎಲ್ಲವೂ ತೀರ್ಮಾನವಾಗಿರುತ್ತದೆಯೇ? ನಾನು ಹೊಸ ಮನೆಗಳ ವಿರೋಧಿಯಲ್ಲ. ಏನು ನಡೆಯುತ್ತಿದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡು ಮಾತಾಡಬೇಕೆಂಬುದಷ್ಟೇ ಉದ್ದೇಶ.

ಉತ್ತರ 1

ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಈ ಕೌಂಟಿಯೊಳಗೇ ಇರುವ ರಾಕ್‌ವಿಲ್ ಮತ್ತು ಗೈದರ್ಸ್‌ಬರ್ಗ್ ನಗರಗಳಿಗೆ ತಮ್ಮದೇ ಜೋನಿಂಗ್ ಅಧಿಕಾರವಿದೆ. ಆ ನಗರಗಳ ಗಡಿಯೊಳಗೆ ಕೌಂಟಿ ಕೌನ್ಸಿಲ್ಲಿನ ಜೋನಿಂಗ್ ನಿಯಮ ಅನ್ವಯಿಸುವುದಿಲ್ಲ. ಅಂಚೆ ವಿಳಾಸದಲ್ಲಿ ರಾಕ್‌ವಿಲ್ ಎಂದಿದ್ದ ಮಾತ್ರಕ್ಕೆ ಮನೆ ಆ ನಗರದ ಗಡಿಯೊಳಗಿದೆ ಎಂದೂ ಅಲ್ಲ. ಸಿಲ್ವರ್ ಸ್ಪ್ರಿಂಗ್, ಬೆಥೆಸ್ಡಾಗಳು ನಗರಸಭೆ ಇಲ್ಲದ ಪ್ರದೇಶಗಳಾದ್ದರಿಂದ ನಿಮ್ಮ ವಿಷಯದಲ್ಲಿ ಕೊನೆಯ ಮಾತು ಕೌಂಟಿ ಕೌನ್ಸಿಲ್ಲಿನದೇ.

ಇನ್ನು ನಿಮ್ಮ ಗೊಂದಲದ ಮೂಲ. ನೀವು ಕಾರ್ಯಸೂಚಿಯಲ್ಲಿ ಕಂಡದ್ದು ಮೂರು ಬೇರೆ ಬೇರೆ ಬಗೆಯ ತೀರ್ಮಾನಗಳನ್ನು: ನಕ್ಷೆಯದು, ನಿಯಮದ ಪಠ್ಯದ್ದು ಮತ್ತು ಹಣದ್ದು. ನಿಮ್ಮ ನಿವೇಶನ ಆರ್-60 ಎಂದು ಹೇಳುವುದು ನಕ್ಷೆ. ಆರ್-60ರಲ್ಲಿ ಏನನ್ನು, ಎಷ್ಟು ಎತ್ತರಕ್ಕೆ, ಗಡಿಯಿಂದ ಎಷ್ಟು ದೂರ ಬಿಟ್ಟು ಕಟ್ಟಬಹುದು ಎಂದು ಹೇಳುವುದು ಪಠ್ಯ. (ಆ 60 ಎಂಬುದು ಒಂಟಿಮನೆಗೆ ಬೇಕಾದ ಕನಿಷ್ಠ 6,000 ಚದರ ಅಡಿಯ ನಿವೇಶನವನ್ನು ಸೂಚಿಸುತ್ತದೆ, ಆರ್-90 ಎಂದರೆ 9,000, ಆರ್-200 ಎಂದರೆ 20,000.) ಆದ್ದರಿಂದ ನಕ್ಷೆಯಲ್ಲಿ ಒಂದು ಗೆರೆಯೂ ಅಲುಗದೆ ಪಠ್ಯದ ತಿದ್ದುಪಡಿಯೊಂದರಿಂದಲೇ ನಿಮ್ಮ ಬೀದಿಯಲ್ಲಿ ಕಟ್ಟಬಹುದಾದ್ದು ಬದಲಾಗಬಹುದು. ಬೀದಿಯಲ್ಲಿ ಸೂಚನಾ ಫಲಕ ನೆಟ್ಟಿಲ್ಲ, ನಕ್ಷೆ ಹಾಗೇ ಇದೆ ಎಂದುಕೊಂಡು ಸುಮ್ಮನಿದ್ದವರಿಗೆ ವಿಷಯ ತಡವಾಗಿ ತಿಳಿಯುವುದು ಇದೇ ಕಾರಣಕ್ಕೆ.

ನಿಮ್ಮ ನೆರೆಯವರು ಹೇಳುತ್ತಿರುವುದರಲ್ಲಿ ಬೇರೆ ಬೇರೆ ಪ್ರಸ್ತಾಪಗಳು ಒಂದಾಗಿ ಕಲೆತುಹೋಗಿವೆ. 2022ರ ಅಕ್ಟೋಬರಿನಲ್ಲಿ ಕೌನ್ಸಿಲ್ ‘ಥ್ರೈವ್ ಮಾಂಟ್‌ಗೊಮರಿ 2050’ ಎಂಬ ಸಾಮಾನ್ಯ ಯೋಜನೆಯನ್ನು ಅಂಗೀಕರಿಸಿತು. ಅದು ದಿಕ್ಕು ತೋರಿಸುವ ದಾಖಲೆ. ಅದರಿಂದ ಯಾರ ನಿವೇಶನದ ಜೋನಿಂಗೂ ಬದಲಾಗಲಿಲ್ಲ. ಆನಂತರ, 2024ರಲ್ಲಿ, ಪ್ಲಾನಿಂಗ್ ಬೋರ್ಡು (ಭೂಬಳಕೆಯ ಬಗ್ಗೆ ಕೌನ್ಸಿಲ್ಲಿಗೆ ಸಲಹೆ ಕೊಡುವ ಮಂಡಳಿ) ಒಂಟಿಮನೆ ವಲಯಗಳ ಬಹುಭಾಗದಲ್ಲಿ ಎರಡು, ಮೂರು ಸಂಸಾರಗಳ ಮನೆಗಳಿಗೆ ಅವಕಾಶ ಕೊಡಬೇಕೆಂಬ ಶಿಫಾರಸುಗಳನ್ನು ಕೌನ್ಸಿಲ್ಲಿಗೆ ಕಳಿಸಿತು. ಅದರ ಮೇಲೆ ಸಭೆಗಳಾದವು, ಜೋರು ಚರ್ಚೆಯಾಯಿತು, ಆದರೆ ಆ ಶಿಫಾರಸು ಇಡಿಯಾಗಿ ಕಾನೂನಾಗಲಿಲ್ಲ. ಕಾನೂನಾದದ್ದು 2025ರ ಜುಲೈಯಲ್ಲಿ ಅಂಗೀಕಾರಗೊಂಡ, ಅದಕ್ಕಿಂತ ಬಹಳ ಕಿರಿದಾದ ತಿದ್ದುಪಡಿ. ಅದು ಆರ್-40ರಿಂದ ಆರ್-200ರವರೆಗಿನ ವಲಯಗಳಲ್ಲಿ ಆಯ್ದ ದೊಡ್ಡ ರಸ್ತೆಗಳ ಅಂಚಿಗೆ ಬರುವ ನಿವೇಶನಗಳಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿ ಸಾಲುಮನೆ, ಎರಡು-ಮೂರು ಸಂಸಾರದ ಮನೆ, ಸಣ್ಣ ಅಪಾರ್ಟ್‌ಮೆಂಟ್ ಕಟ್ಟಡಗಳಿಗೆ ದಾರಿ ಮಾಡಿಕೊಟ್ಟು, ಮೂರು ಅಥವಾ ಹೆಚ್ಚು ಮನೆಗಳಿದ್ದಲ್ಲಿ ಒಂದು ಪಾಲನ್ನು ಮಧ್ಯಮ ಆದಾಯದ ದುಡಿಯುವವರಿಗೆ ಮೀಸಲಿಡಬೇಕೆಂದು ಹೇಳುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು ನಿಮ್ಮ ಪಕ್ಕದ ನಿವೇಶನದ ಮುಖ ಜಾರ್ಜಿಯಾ ಅವೆನ್ಯೂವಿಗೇ ಇದೆಯೇ ಅಥವಾ ಒಳರಸ್ತೆಗಿದೆಯೇ ಎಂಬುದನ್ನು. ಒಳರಸ್ತೆಯದಾದರೆ ಈ ತಿದ್ದುಪಡಿ ಅದನ್ನು ಮುಟ್ಟುವ ಸಾಧ್ಯತೆ ಕಡಿಮೆ. ವಿಳಾಸ ಹಾಕಿ ನೋಡಲು ಪ್ಲಾನಿಂಗ್ ಇಲಾಖೆಯ ಜಾಲತಾಣದಲ್ಲಿ ಜೋನಿಂಗ್ ನಕ್ಷೆ ಇದೆ. ಅನುಮಾನವಿದ್ದರೆ ಇಲಾಖೆಗೆ ಫೋನ್ ಮಾಡಿ.

ನಕ್ಷೆ ಬದಲಾಗುವುದು ಸಾಮಾನ್ಯವಾಗಿ ನಿಮ್ಮ ಭಾಗದ ಮಾಸ್ಟರ್ ಪ್ಲಾನ್ (ಆ ಭಾಗ ಮುಂದೆ ಹೇಗೆ ಬೆಳೆಯಬೇಕೆಂಬ ಯೋಜನೆ) ಮುಗಿದ ಮೇಲೆ, ಅದಕ್ಕೆ ತಕ್ಕಂತೆ ಆ ಪ್ರದೇಶದ ನಕ್ಷೆಯನ್ನು ಒಟ್ಟಾಗಿ ತಿದ್ದುವಾಗ. ಯೋಜನೆಯ ಕರಡು ಪ್ಲಾನಿಂಗ್ ಬೋರ್ಡಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕೌನ್ಸಿಲ್ಲಿಗೆ ಬರುವ ಹೊತ್ತಿಗೆ ಬಹುತೇಕ ಸಾಲುಗಳು ಗಟ್ಟಿಯಾಗಿರುತ್ತವೆ. ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಇದೇ: ಕೌನ್ಸಿಲ್ಲಿನಲ್ಲಿ ಮಾತಾಡುವುದು ವ್ಯರ್ಥವಲ್ಲ, ಆದರೆ ಬೋರ್ಡಿನ ಹಂತದಲ್ಲಿ ಕೊಟ್ಟ ಒಂದು ಪುಟದ ಪತ್ರಕ್ಕೆ ಹೆಚ್ಚು ತೂಕ. ಪಠ್ಯದ ತಿದ್ದುಪಡಿ ಮಾತ್ರ ಕೌನ್ಸಿಲ್ಲಿನಲ್ಲಿ ಮಂಡನೆಯಾಗಿ, ಬೋರ್ಡಿನ ಅಭಿಪ್ರಾಯ, ಅಹವಾಲು ಸಭೆ, ಸಮಿತಿಯ ಚರ್ಚೆಗಳನ್ನು ದಾಟಿ 11 ಸದಸ್ಯರ ಮತಕ್ಕೆ ಬರುತ್ತದೆ. ಅಲ್ಲಿ ಸಮಿತಿಯ ಹಂತದಲ್ಲಿ ಪದಪದವೂ ಬದಲಾಗುವುದುಂಟು. ಜೋನಿಂಗ್ ವಿಷಯದಲ್ಲಿ ಕೌಂಟಿಯ ಆಡಳಿತ ಮುಖ್ಯಸ್ಥರಾದ ಕೌಂಟಿ ಎಕ್ಸಿಕ್ಯೂಟಿವ್‌ಗೆ ವೀಟೋ (ತಡೆಯುವ ಅಧಿಕಾರ) ಇಲ್ಲ ಎಂಬುದನ್ನೂ ಗಮನದಲ್ಲಿಡಿ; ಅವರ ಕಚೇರಿಗೆ ಬರೆದು ಕಾಯುತ್ತ ಕೂರುವುದರಿಂದ ಫಲವಿಲ್ಲ.

ಉತ್ತರ 2

ಮೇಲಿನವರು ಜೋನಿಂಗ್ ಬಗ್ಗೆ ಬಿಡಿಸಿ ಹೇಳಿದ್ದಾರೆ. ಮೊದಲು ಶಾಲೆ ಮತ್ತು ರಸ್ತೆ, ಆಮೇಲೆ ಮನೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಈ ಕೌಂಟಿ ಅದನ್ನು ಮಾಡಿ ನೋಡಿದೆ. ಸಾರ್ವಜನಿಕ ಸೌಕರ್ಯಗಳು ಸಾಕಷ್ಟಿದ್ದರೆ ಮಾತ್ರ ಹೊಸ ಬಡಾವಣೆಗೆ ಒಪ್ಪಿಗೆ ಎಂಬ ಕಾನೂನು ಇಲ್ಲಿ 1973ರಿಂದ ಇದೆ. ಅದರಡಿಯ ನಿಯಮಗಳ ಪ್ರಕಾರ, ಒಂದು ಭಾಗದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನಿಗದಿತ ಸಾಮರ್ಥ್ಯದ 120 ಶೇಕಡಾ ಮೀರಿದರೆ ಅಲ್ಲಿ ಹೊಸ ಮನೆಗಳ ಅನುಮತಿ ತಾನಾಗಿಯೇ ನಿಲ್ಲುತ್ತಿತ್ತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಳೆಯ ಒಂಟಿಮನೆಗಳ ಬೀದಿಗಳಲ್ಲಿ ಮಕ್ಕಳ ಸಂಖ್ಯೆ ಏರುವುದು ಹೆಚ್ಚಾಗಿ ಹೊಸ ಕಟ್ಟಡಗಳಿಂದಲ್ಲ. ವಯಸ್ಸಾದವರು ಮನೆ ಮಾರಿ ಹೋಗಿ, ಅದೇ ಮನೆಗೆ ಚಿಕ್ಕ ಮಕ್ಕಳಿರುವ ಸಂಸಾರ ಬಂದಾಗ. ಅದನ್ನು ಯಾವ ತಡೆಯಾಜ್ಞೆಯೂ ನಿಲ್ಲಿಸಲಾರದು. ಹೀಗಾಗಿ ಮೆಟ್ರೋ ನಿಲ್ದಾಣದ ಪಕ್ಕದ ಅಪಾರ್ಟ್‌ಮೆಂಟುಗಳ ನಿರ್ಮಾಣವೂ ನಿಂತುಹೋಯಿತು, ಶಾಲೆಯ ಇಕ್ಕಟ್ಟೂ ಉಳಿಯಿತು. ಕೌನ್ಸಿಲ್ 2020ರಲ್ಲಿ ಈ ತಡೆಯನ್ನು ತೆಗೆದು, ತುಂಬಿದ ಶಾಲೆಗಳ ಭಾಗದಲ್ಲಿ ಕಟ್ಟುವವರು ಹೆಚ್ಚುವರಿ ಹಣ ತೆರಬೇಕೆಂಬ ನಿಯಮ ತಂದಿತು. ಈ ನೀತಿಯನ್ನು ನಾಲ್ಕು ವರ್ಷಕ್ಕೊಮ್ಮೆ ಮರುಪರಿಶೀಲಿಸಲಾಗುತ್ತದೆ. ಕಳೆದ ಸಲ 2024ರಲ್ಲಿ ಆಯಿತು.

ರಸ್ತೆಯ ವಿಷಯದಲ್ಲಿ ಕೌನ್ಸಿಲ್ಲಿನ ಕೈ ಇನ್ನೂ ಮೋಟು. ನಿಮ್ಮ ಜಾರ್ಜಿಯಾ ಅವೆನ್ಯೂ ಕೌಂಟಿಯ ರಸ್ತೆಯೇ ಅಲ್ಲ, ರಾಜ್ಯದ ರಸ್ತೆ. ರಾಕ್‌ವಿಲ್ ಪೈಕ್, ಯೂನಿವರ್ಸಿಟಿ ಬೌಲೆವಾರ್ಡ್‌ಗಳೂ ಹಾಗೆಯೇ. ಅಲ್ಲಿ ಒಂದು ಸಿಗ್ನಲ್ ದೀಪ ಬೇಕಾದರೂ ರಾಜ್ಯ ಹೆದ್ದಾರಿ ಆಡಳಿತ ಒಪ್ಪಬೇಕು. ನೀರು ಮತ್ತು ಒಳಚರಂಡಿ ನೋಡಿಕೊಳ್ಳುವುದು ಎರಡು ಕೌಂಟಿಗಳಿಗೆ ಸೇರಿದ ಬೇರೆಯೇ ಸಂಸ್ಥೆ. ಬೆಥೆಸ್ಡಾದಿಂದ ನ್ಯೂ ಕ್ಯಾರಲ್ಟನ್‌ವರೆಗಿನ 16 ಮೈಲಿಯ, 21 ನಿಲ್ದಾಣಗಳ ಪರ್ಪಲ್ ಲೈನ್ ಎಂಬ ರೈಲು ಮಾರ್ಗ ಕೂಡ ರಾಜ್ಯದ ಯೋಜನೆ. 2017ರಲ್ಲಿ ಕೆಲಸ ಶುರುವಾದಾಗ 2022ಕ್ಕೆ ರೈಲು ಓಡುತ್ತದೆ ಎಂದಿದ್ದರು. ನಡುವೆ ಗುತ್ತಿಗೆದಾರರು ಕೈಬಿಟ್ಟು, ಹೊಸಬರು ಬಂದು, ಗಡುವು ಐದು ವರ್ಷಕ್ಕೂ ಹೆಚ್ಚು ಮುಂದೆ ಹೋಯಿತು. ಅದು ಮುಗಿಯುವವರೆಗೆ ಮನೆ ಕಟ್ಟಬೇಡಿ ಎಂದಿದ್ದರೆ ಬಾಡಿಗೆ ಎಲ್ಲಿಗೆ ಏರುತ್ತಿತ್ತೆಂದು ನೀವೇ ಯೋಚಿಸಿ.

ಉತ್ತರ 3

ಎರಡನೆಯ ಉತ್ತರದ ಸಂಗತಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ತಡೆಯಾಜ್ಞೆ ಕೆಟ್ಟ ಉಪಾಯವಾಗಿತ್ತು, ನಿಜ. ಆದರೆ ಅದು ಇದ್ದಾಗ ಶಾಲೆಯ ಇಕ್ಕಟ್ಟು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈಗ ಹಣ ಕಟ್ಟಿದರೆ ಕೆಲಸ ಸಾಗುತ್ತದೆ, ಆ ಹಣ ಯಾವ ವರ್ಷ ಯಾವ ಶಾಲೆಯ ಕೊಠಡಿಯಾಗುತ್ತದೆ ಎಂಬುದನ್ನು ತಂದೆತಾಯಿಯರೇ ಬೆನ್ನುಹತ್ತಿ ಕೇಳಬೇಕು.

ಕೇಳುವ ಜಾಗ ಬಂಡವಾಳ ಯೋಜನೆ. ಇದು ಶಾಲೆ, ರಸ್ತೆಗಳಂಥ ಕಾಮಗಾರಿಗಳಿಗೆ ಯಾವ ವರ್ಷ ಎಷ್ಟು ಹಣ ಎಂದು ತೋರಿಸುವ ಆರು ವರ್ಷದ ಪಟ್ಟಿ. ಸಮಸಂಖ್ಯೆಯ ವರ್ಷಗಳಲ್ಲಿ ಪೂರ್ತಿ ಪಟ್ಟಿ ಬರುತ್ತದೆ, ನಡುವಿನ ವರ್ಷದಲ್ಲಿ ತಿದ್ದುಪಡಿಗಳು ಮಾತ್ರ. ಕೌಂಟಿ ಎಕ್ಸಿಕ್ಯೂಟಿವ್ ಇದನ್ನು ಜನವರಿ ಮಧ್ಯಕ್ಕೆ, ಚಾಲ್ತಿ ವೆಚ್ಚದ ಬಜೆಟ್ಟನ್ನು ಮಾರ್ಚ್ ಮಧ್ಯಕ್ಕೆ ಕೌನ್ಸಿಲ್ಲಿಗೆ ಕಳಿಸುತ್ತಾರೆ. ಅಹವಾಲು ಸಭೆಗಳು ಮುಗಿದು, ಹೊಸ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುವ ಮುನ್ನ, ಜೂನ್ 1ರೊಳಗೆ ಅಂಗೀಕಾರವಾಗಬೇಕು. ಒಂದು ಶಾಲೆಯ ಕಟ್ಟಡ ವಿಸ್ತರಣೆಯ ಹಾಳೆ ತೆರೆದು ನೋಡಿ: ಎಡಗಡೆ ವಿನ್ಯಾಸ, ನಿರ್ಮಾಣ, ಪೀಠೋಪಕರಣ ಎಂಬ ಸಾಲುಗಳು, ಬಲಗಡೆ ಒಂದೊಂದು ವರ್ಷಕ್ಕೆ ಒಂದೊಂದು ಕಾಲಂ. ಯೋಜನೆ ರದ್ದಾಯಿತೆಂದು ಯಾರೂ ಹೇಳುವುದಿಲ್ಲ. ನಿರ್ಮಾಣದ ಮೊತ್ತ ಒಂದು ಕಾಲಂ ಬಲಕ್ಕೆ ಸರಿದಿರುತ್ತದೆ, ಅಷ್ಟೇ. ಹಿಂದಿನ ಸಲದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಓದದಿದ್ದರೆ ಅದು ಗೊತ್ತಾಗುವುದೇ ಇಲ್ಲ. ಜೋನಿಂಗ್ ಸಭೆಗೆ ನೂರಾರು ಜನ ಬರುತ್ತಾರೆ, ಈ ಹಾಳೆಯ ಸಭೆಗೆ ಅಷ್ಟು ಜನ ಬರುವುದಿಲ್ಲ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಆದ್ಯತೆ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ಪಕ್ಕದ ನಿವೇಶನದ ಮುಖ ಒಳರಸ್ತೆಗೇ ಇದೆ ಎಂಬುದನ್ನು ನಕ್ಷೆಯಲ್ಲಿ ನೋಡಿಕೊಂಡೆ. ಆದರೆ ಮೂಲೆಯಲ್ಲಿರುವ ದೊಡ್ಡ ನಿವೇಶನದ ಮಾಲೀಕರು ಅದೊಂದಕ್ಕೇ ಬೇರೆ ಜೋನಿಂಗ್ ಕೇಳಿ ಅರ್ಜಿ ಹಾಕುವವರಿದ್ದಾರೆ ಎಂಬ ಸುದ್ದಿ ಇದೆ. ಹಾಗೇನಾದರೂ ಆದರೆ ನಮ್ಮ ಕ್ಷೇತ್ರದ ಕೌನ್ಸಿಲ್ ಸದಸ್ಯರಿಗೆ ಈಗಲೇ ಇಮೇಲ್ ಬರೆಯುವುದು ಒಳ್ಳೆಯದೇ?

ಉತ್ತರ 4

ದಯವಿಟ್ಟು ಹಾಗೆ ಮಾಡಬೇಡಿ. ಒಂದು ನಿರ್ದಿಷ್ಟ ನಿವೇಶನದ ಮಾಲೀಕರು ನಕ್ಷೆ ಬದಲಿಸಲು ಕೇಳಿಕೊಂಡಾಗ ಕೌನ್ಸಿಲ್ ಹೆಚ್ಚುಕಡಿಮೆ ನ್ಯಾಯಾಲಯದ ಹಾಗೆ ನಡೆದುಕೊಳ್ಳಬೇಕಾಗುತ್ತದೆ. ಪ್ಲಾನಿಂಗ್ ಬೋರ್ಡಿನ ಶಿಫಾರಸು ಬಂದ ಮೇಲೆ ವಿಚಾರಣಾ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಡುವ ವಿಚಾರಣೆ ನಡೆಯುತ್ತದೆ. ಅಲ್ಲಿ ದಾಖಲೆಗೆ ಸೇರಿದ್ದನ್ನು ಆಧರಿಸಿಯೇ ಕೌನ್ಸಿಲ್ ತೀರ್ಮಾನ ಕೊಡಬೇಕು. ಅದರ ಹೊರಗೆ ಸದಸ್ಯರ ಜೊತೆ ಖಾಸಗಿಯಾಗಿ ಆ ಅರ್ಜಿಯ ಬಗ್ಗೆ ಮಾತಾಡುವಂತಿಲ್ಲ. ಮಾಸ್ಟರ್ ಪ್ಲಾನ್, ಪಠ್ಯದ ತಿದ್ದುಪಡಿ, ಬಜೆಟ್ಟುಗಳ ವಿಷಯದಲ್ಲಿ ಎಷ್ಟು ಬೇಕಾದರೂ ಬರೆಯಿರಿ, ಭೇಟಿಯಾಗಿ. ಅರ್ಜಿ ಬಂದದ್ದೇ ಆದರೆ ಹೇಳಬೇಕಾದ್ದನ್ನು ಬೋರ್ಡಿನಲ್ಲಿ ಮತ್ತು ವಿಚಾರಣಾ ಅಧಿಕಾರಿಯ ಮುಂದೆ ಹೇಳಿ. ‘ನಮ್ಮ ಬೀದಿಯ ಸ್ವರೂಪ ಕೆಡುತ್ತದೆ’ ಎಂಬ ಮಾತು ಅಲ್ಲಿ ಹೆಚ್ಚು ದೂರ ಸಾಗುವುದಿಲ್ಲ. ಮಳೆನೀರು ಯಾವ ಇಳಿಜಾರಿನಲ್ಲಿ ಹರಿದು ಯಾರ ಹಿತ್ತಿಲಿಗೆ ಬರುತ್ತದೆ, ವಾಹನಗಳ ದ್ವಾರ ತಿರುವಿನಿಂದ ಎಷ್ಟು ಅಡಿ ದೂರವಿದೆ, ಕಟ್ಟಡದ ಎತ್ತರ ಪಕ್ಕದ ಮನೆಯ ಕಡೆಗೆ ಹೇಗೆ ಇಳಿಯುತ್ತದೆ ಎಂಬಂಥ ಮಾತುಗಳಿಗೆ ಅಧಿಕಾರಿ ಉತ್ತರಿಸಲೇಬೇಕಾಗುತ್ತದೆ. ಫೋಟೊ ಮತ್ತು ಅಳತೆಗಳನ್ನು ಈಗಿನಿಂದಲೇ ಜೋಡಿಸಿಟ್ಟುಕೊಳ್ಳಿ.

ಉತ್ತರ 5

ಮೇಲಿನ ಎಲ್ಲ ಉತ್ತರಗಳೂ ಮನೆ ಕೊಂಡವರ ಕಡೆಯಿಂದ ಬಂದಂತಿವೆ. ಬಾಡಿಗೆದಾರನಾಗಿ ಒಂದೆರಡು ಮಾತು ಸೇರಿಸುತ್ತೇನೆ. ವಸತಿಯ ಬಗ್ಗೆ ಈ ಕೌಂಟಿಯ ಗಟ್ಟಿ ಕೆಲಸಗಳು ಜೋನಿಂಗ್ ಜಗಳದ ಆಚೆಗೂ ಇವೆ. 20 ಅಥವಾ ಹೆಚ್ಚು ಮನೆಗಳ ಯೋಜನೆಯಲ್ಲಿ ಕನಿಷ್ಠ 12.5 ಶೇಕಡಾ ಮನೆಗಳನ್ನು ಸಾಧಾರಣ ಆದಾಯದವರಿಗೆ ಕೈಗೆಟುಕುವ ಬೆಲೆಗೆ ಕೊಡಬೇಕೆಂಬ ನಿಯಮದ ಬೇರು 1970ರ ದಶಕದಲ್ಲಿದೆ. 2023ರ ಬಾಡಿಗೆ ಕಾನೂನು ವರ್ಷದ ಏರಿಕೆಯನ್ನು ಹಣದುಬ್ಬರಕ್ಕೆ 3 ಶೇಕಡಾ ಸೇರಿಸಿದ ಮಟ್ಟಕ್ಕೆ ಅಥವಾ 6 ಶೇಕಡಾಕ್ಕೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ, ಮಿತಿಗೊಳಿಸಿತು. ಹೊಸ ಕಟ್ಟಡಗಳಿಗೆ 23 ವರ್ಷ ವಿನಾಯಿತಿ ಇದೆ. ಆ ವಿನಾಯಿತಿ ಸಾಕೇ ಸಾಲದೇ ಎಂಬ ವಾದ ಕೌನ್ಸಿಲ್ಲಿಗೆ ಮತ್ತೆ ಬಂದರೆ ಅದು ನಿಮ್ಮ ಬೀದಿಯ ತಿದ್ದುಪಡಿಗಿಂತ ಹೆಚ್ಚು ಜನರನ್ನು ತಟ್ಟುತ್ತದೆ. ಕಾರ್ಯಸೂಚಿ ನೋಡುವಾಗ ಆ ಸಾಲನ್ನೂ ಗುರುತು ಹಾಕಿಕೊಳ್ಳಿ. ಅಹವಾಲು ಸಭೆಯಲ್ಲಿ ಮಾತಾಡಲು ಮುಂಚಿತವಾಗಿ ಹೆಸರು ಕೊಡಬೇಕು. ಹೋಗಲಾಗದಿದ್ದರೆ ಬರಹದಲ್ಲಿ ಕಳಿಸಿದ ಹೇಳಿಕೆಯೂ ದಾಖಲೆಗೆ ಸೇರುತ್ತದೆ.